ದಾರದ ಇನ್ನೊಂದು ತುದಿ

ಬಸದಿಯ ಜೀರ್ಣೋದ್ಧಾರದ ನೆನಪಿಗೆ ಅಂತ ನಮ್ಮೂರಿನವರು ಒಂದು ಪುಸ್ತಕ ಅಚ್ಚು ಹಾಕಿಸಿದ್ದಾರೆ. ಅದರ ನಲವತ್ತೊಂದನೆಯ ಪುಟದಲ್ಲಿ ನಮ್ಮ ಯಜಮಾನರ ಬಗ್ಗೆ ಒಂದೂವರೆ ಸಾಲು ಇದೆ. ‘ದಿವಂಗತ ಶಾಂತಿರಾಜಯ್ಯನವರು ಮುನಿಗಳಿಗೆ ನವಿಲುಗರಿಯ ಪಿಂಛಿಯನ್ನು ಏಕಾಂಗಿಯಾಗಿ ಕಟ್ಟಿಕೊಡುತ್ತಿದ್ದ ಧರ್ಮಾತ್ಮರು.’ ಧರ್ಮಾತ್ಮರು ಅನ್ನೋದಕ್ಕೆ ನನ್ನ ತಕರಾರಿಲ್ಲ. ಏಕಾಂಗಿಯಾಗಿ ಎಂದು ಬರೆದ ಮಹಾನುಭಾವನನ್ನು ಮಾತ್ರ ಒಂದು ದಿನ ಗರಿಯ ಕಂತೆಯ ಮುಂದೆ ಕೂರಿಸಬೇಕು, ಆಗ ಗೊತ್ತಾಗುತ್ತದೆ. ಪಿಂಛಿ ಒಬ್ಬರೇ ಕಟ್ಟುವಂಥದ್ದಲ್ಲ. ಒಬ್ಬರು ಗರಿ ಜೋಡಿಸಿ ಸುತ್ತಬೇಕು, ಇನ್ನೊಬ್ಬರು ದಾರದ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಆ ತುದಿ ಹಿಡಿದವಳು ನಾನು, ಮರುದೇವಿ. ಆದರೂ ಏಳು ವರ್ಷ ಅವರು ನಿಜವಾಗಿ ಏಕಾಂಗಿಯಾಗಿಯೇ ಕಟ್ಟಿದರು. ಯಾಕೆ ಅಂತ ಪುಸ್ತಕದವರಿಗೆ ಗೊತ್ತಿಲ್ಲ. ಗೊತ್ತಿದ್ದ ಹಿರಿಯರೆಲ್ಲ ಹೋದರು. ಉಳಿದಿರುವವಳು ನಾನೊಬ್ಬಳೇ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮೂರು ಬಾಗೂರಿಗೆ ಎರಡು ಮೈಲಿ. ನಾನು ಹೊಳೆನರಸೀಪುರದಿಂದ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು, ‘ನನ್ನ ಮಗನಿಗೆ ಎರಡು ಕೈ ಬಿಟ್ಟರೆ ಬೇರೆ ಏನೂ ಇಲ್ಲ ಕಣಮ್ಮ.’ ಸುಳ್ಳಲ್ಲ. ಎತ್ತು ಕೊಂಡರೆ ಕುಂಟೆತ್ತು ಕೊಳ್ಳುವರು. ರಾಗಿ ಮಾರಲು ಚನ್ನರಾಯಪಟ್ಟಣದ ಸಂತೆಗೆ ಹೋದರೆ ಅರ್ಧ ರಾಗಿ ಗಾಡಿಯಲ್ಲೇ ವಾಪಸು ಬರುತ್ತಿತ್ತು. ಆದರೆ ಗರಿ ಕೈಗೆ ಬಂದರೆ ಬೇರೆಯೇ ಮನುಷ್ಯ. ಅವರ ತಂದೆ, ತಾತ ಎಲ್ಲರೂ ಪಿಂಛಿ ಕಟ್ಟಿದವರೇ. ದಿಗಂಬರ ಮುನಿಗಳಿಗೆ ಪಿಂಛಿ ಅಂದರೆ ಬರೀ ಗರಿಯ ಕಟ್ಟಲ್ಲ. ಕೂರುವ ಮೊದಲು, ಮಲಗುವ ಮೊದಲು, ಕಮಂಡಲ ಇಡುವ ಮೊದಲು ಅದರಿಂದ ನೆಲ ಸವರಿ, ಇರುವೆ ಹುಳುವಿದ್ದರೆ ನೋವಾಗದ ಹಾಗೆ ಸರಿಸಬೇಕು. ಪಿಂಛಿ ಕೈಯಲ್ಲಿಲ್ಲದೆ ಅವರು ಏಳು ಹೆಜ್ಜೆಗಿಂತ ಹೆಚ್ಚು ನಡೆಯುವ ಹಾಗಿಲ್ಲ. ಅದಕ್ಕೆ ಬೇಕಾದ ಗರಿ ನವಿಲು ತಾನಾಗಿ ಉದುರಿಸಿದ್ದೇ ಆಗಬೇಕು, ಕಿತ್ತದ್ದು ಆಗದು.

ಕಸುಬು ದೊಡ್ಡದು, ಕೆಲಸ ಮಾತ್ರ ಇಲ್ಲ. ಆ ಕಾಲಕ್ಕೆ ನಮ್ಮ ಕಡೆ ಮುನಿಗಳು ಬರುವುದೇ ಅಪರೂಪ. ನಾಲ್ಕು ವರ್ಷಕ್ಕೊಂದು ಪಿಂಛಿ ಕಟ್ಟಿದರೆ ಹೆಚ್ಚು. ಉಳಿದ ದಿನ ಜಗಲಿಯ ಮೇಲೆ ಕೂತು ತಮ್ಮ ಬೆರಳುಗಳನ್ನು ತಾವೇ ನೋಡಿಕೊಳ್ಳುತ್ತಿದ್ದರು. ನಾನೋ, ಬಾಯಿ ಸುಮ್ಮನಿರುವ ಹೆಂಗಸಲ್ಲ. ‘ಕೂತು ಕೂತು ಜಗಲಿ ಸವೆದೋಯ್ತು, ಏನೂಂದ್ರೆ’ ಎಂದು ಬೆಳಗಾದರೆ ಚುಚ್ಚುತ್ತಿದ್ದೆ. ಅವರು ತಿರುಗಿ ಒಂದು ಮಾತು ಆಡಿದವರಲ್ಲ. ಆಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಲವತ್ತನೇ ಇಸವಿಯಲ್ಲಿ ಬೆಳಗೊಳದಲ್ಲಿ ಮಸ್ತಕಾಭಿಷೇಕವಾಯಿತಲ್ಲ, ಆಗ ಹಾಸನದ ಬಂಗಲೆಯಲ್ಲಿದ್ದ ಒಬ್ಬ ಕಾಫಿ ತೋಟದ ಬಿಳಿ ದೊರೆ ನೋಡಲು ಬಂದಿದ್ದನಂತೆ. ಅಲ್ಲಿ ಒಬ್ಬ ಮುನಿಗಳ ಕೈಯಲ್ಲಿ ನಮ್ಮವರು ಕಟ್ಟಿದ ಪಿಂಛಿ ಇತ್ತು. ದೊರೆ ಅದರ ಕಟ್ಟನ್ನೇ ದೂರದಿಂದ ದಿಟ್ಟಿಸಿ ನೋಡಿ, ಕಟ್ಟಿದವರು ಯಾರು ಎಂದು ವಿಚಾರಿಸಿದನಂತೆ. ಹದಿನೈದು ದಿನಕ್ಕೆ ಅವನ ತೋಟದ ಲೆಕ್ಕ ಬರೆಯುವ ರೈಟರು ಪರಮಶಿವಯ್ಯ ನಮ್ಮ ಜಗಲಿಯ ಮೇಲಿದ್ದ.

ಪರಮಶಿವಯ್ಯ ಒಂದು ತಗಡಿನ ಡಬ್ಬಿ ತೆಗೆದ. ಒಳಗೆ ಹತ್ತಿಯ ಮೇಲೆ ಮೂರು ಪುಟ್ಟ ಹುಳ ಕೂತಿದ್ದವು. ಜೀವದ ಹುಳವಲ್ಲ, ಗರಿ ದಾರದಲ್ಲಿ ಮಾಡಿದ್ದು. ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡವು. ಮೇಲಕ್ಕೆ ನಿಂತ ಎರಡು ರೆಕ್ಕೆ, ಹಿಂದೆ ಕೂದಲಿನಂಥ ಬಾಲ, ಕತ್ತಿನ ಸುತ್ತ ಕಾಲಿನ ಹಾಗೆ ಕೆದರಿದ ನವಿರು. ಹೊಟ್ಟೆಯ ಕೆಳಗೆ ಬಾಗಿದ ಸಣ್ಣ ತಂತಿ.

‘ಸೀಮೆಯಿಂದ ಬರ್ತಿದ್ವು. ಯುದ್ಧ ಬಂತಲ್ಲ, ಹಡಗು ನಿಂತೋಯ್ತು’ ಎಂದ ಪರಮಶಿವಯ್ಯ. ‘ದೊರೆಸಾನಿಯರು ಟೋಪಿಗೆ ಚುಚ್ಚಿಕೊಳ್ಳೋ ಒಡವೆ ಇದು. ತಂತಿ ನಾನು ತಂದ್ಕೊಡ್ತೀನಿ, ಇಂಥದ್ದೇ ಮಾಡ್ಕೊಡೋಕಾಗುತ್ತಾ?’

ನಮ್ಮವರು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ‘ಇದು ನಮ್ಮ ಕೆರೆಯ ಹುಳ’ ಎಂದರು.

ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಕೆರೆಯ ನೀರಿನಿಂದ ಏಳುತ್ತವಲ್ಲ, ಒಂದೇ ದಿನ ಬದುಕಿ ದೀಪದ ಬುಡದಲ್ಲಿ ರಾಶಿ ಬೀಳುವ ಹುಳ, ಅದು. ನಾವೆಲ್ಲ ಗುಡಿಸಿ ಹಾಕುವಾಗ ನೋಡಿದವರು. ಅವರು ಹಾಗಲ್ಲ. ಮುಂದಿನ ಮಳೆಗಾಲ ಪೂರ್ತಿ ಬಿಸಿಲಿರುವಾಗಲೇ ಊಟ ಮುಗಿಸಿ ಕೆರೆ ಏರಿಗೆ ಹೋಗಿ ಕೂತರು. ಒಂದನ್ನೂ ಹಿಡಿಯಲಿಲ್ಲ, ತಾವಾಗಿ ಬಂದು ತೋಳಿನ ಮೇಲೆ ಕೂತದ್ದನ್ನೇ ಉಸಿರು ಬಿಗಿಹಿಡಿದು ನೋಡುವರು. ಒಂದು ಸಂಜೆ ಓಡೋಡಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು, ‘ಅದಕ್ಕೆ ಬಾಯೇ ಇಲ್ಲ ಕಣೆ’ ಎಂದರು. ‘ರೆಕ್ಕೆ ಬಂದ ಮೇಲೆ ಒಂದು ತೊಟ್ಟು ನೀರೂ ಕುಡಿಯಲ್ಲ. ಸಲ್ಲೇಖನ ತಗೊಂಡೇ ಹುಟ್ಟುತ್ತೆ.’ ಅವರ ಕಣ್ಣಲ್ಲಿ ನೀರಿತ್ತು. ಹುಳಕ್ಕೆ ಅಳುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು.

ದೊರೆ ರೇಷ್ಮೆ ದಾರ ಕಳಿಸಿದ. ರೇಷ್ಮೆಗೆ ಹುಳು ಸಾಯುತ್ತದೆ ಎಂದು ವಾಪಸು ಕಳಿಸಿದರು. ಜೇನುಮೇಣ ಕಳಿಸಿದ, ಅದೂ ವಾಪಸು. ಹುಂಜದ ಚರ್ಮದ ಸಮೇತ ಕತ್ತಿನ ಗರಿ ಕಳಿಸಿದ. ಅದನ್ನು ನೋಡಿ ಎರಡು ದಿನ ಅನ್ನ ಬಿಟ್ಟರು. ಹತ್ತಿಯ ನೂಲು ಸಾಕು, ಮೇಣದ ಬದಲು ಅರಕಲಗೂಡಿನ ಸಂತೆಯಿಂದ ತಂದ ಹಾಲುಮಡ್ಡಿ ಮರದ ಅಂಟು ಸಾಕು, ಗರಿ ತಾನಾಗಿ ಉದುರಿದ್ದೇ ಆಗಬೇಕು ಎಂದರು. ನಮ್ಮ ಹೊಲ ಗೇಯುತ್ತಿದ್ದ ಬೈರಯ್ಯ ಹೊಲದ ಅಂಚಿನಲ್ಲಿ ಬಿದ್ದ ನವಿಲುಗರಿಯನ್ನೂ ಅವರ ಹಟ್ಟಿಯ ಹುಂಜ ಉದುರಿಸಿದ ಗರಿಯನ್ನೂ ಆರಿಸಿ ತರುವನು. ಉದ್ದದ ನವಿಲುಗರಿ ಪಿಂಛಿಗೆ ಅಂತ ಎತ್ತಿಡುವರು. ಮುರಿದದ್ದು ಹುಳಕ್ಕೆ. ನವಿಲಿನ ಕಣ್ಣಿನ ಎಳೆಯಿಂದ ನವಿರನ್ನು ಉಗುರಲ್ಲಿ ಕೆರೆದರೆ ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಇರುವ ನಾರು ಉಳಿಯುತ್ತದೆ. ಅದನ್ನು ತಂತಿಗೆ ಸುತ್ತಿದರೆ ಹುಳದ ಹೊಟ್ಟೆಯ ಉಂಗುರಗಳು ಹಾಗೇ ಮೂಡುವವು. ರೆಕ್ಕೆಗೆ ಬಸದಿಯ ಪಾರಿವಾಳದ ಗರಿ. ನೂಲಿಗೆ ಹಾಲುಮಡ್ಡಿ ತಿಕ್ಕುವಾಗ ಇನ್ನೊಂದು ತುದಿ ಹಿಡಿಯಲು ನಾನು. ‘ಬಿಗಿ ಹಿಡ್ಕೊಳ್ಳೇ’ ಎನ್ನುವರು. ಮದುವೆಯಾದಂದಿನಿಂದ ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು ಅದೇ ಇರಬೇಕು.

ಮಾಡಿದ ಹುಳ ನೀರಿನ ಮೇಲೆ ಕಾಲೂರಿ ನಿಂತ ಹಾಗೆ ತೇಲಬೇಕು ಅಂತ ದೊರೆಯ ಅಪ್ಪಣೆಯಾಗಿತ್ತು. ಹಿತ್ತಾಳೆ ಬೋಗುಣಿಯಲ್ಲಿ ನೀರು ತುಂಬಿ ಒಂದೊಂದನ್ನೂ ಬಿಟ್ಟು ನೋಡುವರು. ‘ಟೋಪಿಗೆ ಚುಚ್ಚೋ ಹುಳ ನೀರಲ್ಲಿ ಯಾಕೆ ತೇಲ್ಬೇಕು?’ ಎಂದು ಕೇಳಿದೆ.

‘ಮಳೇಲಿ ನೆನೆದು ಮುದುಡಬಾರ್ದಲ್ಲ’ ಎಂದರು, ಎಲ್ಲಾ ತಿಳಿದವರ ಹಾಗೆ.

ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ. ಯಾಕೆಂದರೆ ನನಗೆ ಗೊತ್ತಿತ್ತು.

ನಾನು ಹೊಳೆನರಸೀಪುರದವಳು. ನಮ್ಮ ಮನೆಯ ಹಿತ್ತಲಿಂದ ನಾಲ್ಕು ಹೆಜ್ಜೆ ಇಳಿದರೆ ಹೇಮಾವತಿ. ಬಟ್ಟೆ ಒಗೆಯಲು ಹೋದಾಗಲೆಲ್ಲ ಬಂಡೆಯ ಮೇಲೆ ಗಾಳ ಹಾಕಿ ಕೂತವರನ್ನು ನೋಡಿದ್ದೆ. ಗಾಳದ ಬಾಗಿದ ತುದಿಗೆ ಒಳಮುಖವಾಗಿ ಒಂದು ಮುಳ್ಳಿರುತ್ತದೆ. ಕಚ್ಚಿದ ಮೀನು ಬಿಡಿಸಿಕೊಳ್ಳದಿರಲಿ ಅಂತ. ಪರಮಶಿವಯ್ಯ ಡಬ್ಬಿ ತೆರೆದ ದಿನವೇ ಆ ಮುಳ್ಳು ನನ್ನ ಕಣ್ಣಿಗೆ ಬಿದ್ದಿತ್ತು. ನಮ್ಮವರು ಕೆರೆಯ ಊರಿನ ಜೈನರು. ಅವರ ಏಳು ತಲೆಮಾರಿನಲ್ಲಿ ಯಾರೂ ಗಾಳ ಮುಟ್ಟಿದವರಲ್ಲ. ಮೀನು ಹಿಡಿಯುವ ಕಡೆ ಕಣ್ಣೆತ್ತಿ ನೋಡಬಾರದು ಎಂದು ಬೆಳೆಸಿದ್ದರು. ನೋಡದವರಿಗೆ ಗೊತ್ತಾಗುವುದು ಹೇಗೆ? ಮುಳ್ಳು ಟೋಪಿಯಿಂದ ಜಾರದಿರಲಿ ಅಂತ ಇಟ್ಟದ್ದು ಎಂದು ನಂಬಿದರು.

ಬೈರಯ್ಯನೂ ಒಂದು ದಿನ ಕಂಡುಹಿಡಿದ. ಹಿತ್ತಲಲ್ಲಿ ನನ್ನ ಹತ್ತಿರ ಬಂದು, ‘ಅವ್ವಾ, ಅಯ್ನೋರು ಕಟ್ತಾ ಅವ್ರಲ್ಲ, ಅದು ಗಾಳ ಅಲ್ವರಾ? ಅವ್ರಿಗೇಳ್ಬೇಕಲ್ವಾ?’ ಎಂದ.

‘ಸುಮ್ಕಿರು ಬೈರಯ್ಯ. ನಾನು ಹೇಳ್ತೀನಿ’ ಎಂದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ಅವರು ಹಾಡು ಗುನುಗಲು ಶುರುಮಾಡಿದ್ದರು. ಹದಿನಾರು ವರ್ಷದ ಸಂಸಾರದಲ್ಲಿ ಅವರು ಹಾಡಿದ್ದು ನಾನು ಕೇಳಿರಲಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಏಳುವರು. ಊಟಕ್ಕೆ ಕೂತಾಗ ಹುಳದ ಕಥೆ ಹೇಳುವರು. ಜಗಲಿಯಲ್ಲಿ ಕೂತು ಖಾಲಿ ಬೆರಳು ನೋಡಿಕೊಳ್ಳುತ್ತಿದ್ದ ಆ ಮನುಷ್ಯ ಮತ್ತೆ ವಾಪಸು ಬರುವುದು ನನಗೆ ಬೇಡವಾಗಿತ್ತು. ಹಾಗೆ ಎರಡು ವರ್ಷ ನಡೆಯಿತು. ಪಾಪ ಅಂತ ನನಗೆ ತಿಳಿಯದೆ ಇರಲಿಲ್ಲ. ತಿಳಿದೇ ಸುಮ್ಮನಿದ್ದೆ.

ನಲವತ್ತೆರಡರಲ್ಲಿ ನಮ್ಮೂರ ಪುಣ್ಯವೆಂದು ಬೆಳಗಾವಿ ಕಡೆಯ ಒಬ್ಬ ಮುನಿಗಳು ನಮ್ಮ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತರು. ಬಂದಾಗ ಅವರ ಪಿಂಛಿ ಸವೆದಿತ್ತು. ನಮ್ಮವರು ಹೊಸದು ಕಟ್ಟಿ ಅರ್ಪಿಸಿದರು. ಅಂಥ ಪಿಂಛಿಯನ್ನು ಅವರು ಅದಕ್ಕೆ ಮೊದಲೂ ಕಟ್ಟಿರಲಿಲ್ಲ, ಆಮೇಲೂ ಕಟ್ಟಲಿಲ್ಲ. ಎರಡು ವರ್ಷ ಹುಳ ಕಟ್ಟಿ ಕಟ್ಟಿ ಬೆರಳು ಅಷ್ಟು ಪಳಗಿತ್ತು.

ಆಶ್ವಯುಜದಲ್ಲಿ ಒಂದು ಮಧ್ಯಾಹ್ನ ದೊರೆಯೇ ಕಾರಿನಲ್ಲಿ ಬಂದ. ಕಾರು ನೋಡಲು ಊರೆಲ್ಲ ನಮ್ಮ ಬಾಗಿಲಲ್ಲಿ. ಕೆಟ್ಟ ಮನುಷ್ಯನೇನಲ್ಲ ಅವನು. ಟೋಪಿ ತೆಗೆದು ನಮ್ಮವರಿಗೆ ತಲೆ ಬಾಗಿಸಿದ. ಚೌಕಟ್ಟು ಹಾಕಿಸಿದ ಒಂದು ಫೋಟೋ ಅವರ ಕೈಗಿತ್ತು ಇಂಗ್ಲೀಷಿನಲ್ಲಿ ಏನೇನೋ ಹೇಳಿದ. ಪರಮಶಿವಯ್ಯ ತಲೆ ತಗ್ಗಿಸಿ ನಿಂತಿದ್ದ. ದೊರೆ ಗದರಿದ ಮೇಲೆ ಕನ್ನಡದಲ್ಲಿ ಹೇಳಿದ, ‘ನೀಲಗಿರಿಯ ಕೆರೆಯಲ್ಲಿ ಹಿಡಿದದ್ದಂತೆ. ಇಷ್ಟು ದೊಡ್ಡ ಟ್ರೌಟು ಮೀನು ಅಲ್ಲಿ ಯಾರೂ ಹಿಡಿದಿಲ್ಲವಂತೆ. ನಿಮ್ಮ ಹುಳಕ್ಕೇ ಬಿದ್ದದ್ದಂತೆ.’

ಫೋಟೋದಲ್ಲಿ ದೊರೆ ನಗುತ್ತಾ ನಿಂತಿದ್ದ. ಅವನ ಕೈಯಲ್ಲಿ ಮೊಳದುದ್ದದ ಮೀನು ತೂಗುತ್ತಿತ್ತು. ಅದರ ತುಟಿಯಲ್ಲಿ ನಮ್ಮವರು ಕಟ್ಟಿದ ಹುಳ, ರೆಕ್ಕೆ ಇನ್ನೂ ಮೇಲಕ್ಕೆ ನಿಂತೇ ಇತ್ತು.

ಅವರು ಫೋಟೋವನ್ನು ನೆಲಕ್ಕಿಟ್ಟು ಒಳಗೆ ಹೋದರು. ಬಾವಿಯಿಂದ ನೀರು ಸೇದಿ ಸೇದಿ ಕೈಗೆ ಹೊಯ್ದುಕೊಂಡರು. ನಾನು ಹಗ್ಗ ಕಸಿದುಕೊಳ್ಳುವ ತನಕ ನಿಲ್ಲಿಸಲಿಲ್ಲ. ‘ಎಷ್ಟು ಕಟ್ಟಿದೆ ಅಂತ ನೆನಪೇ ಇಲ್ಲ ಕಣೆ. ಎಷ್ಟು ಜೀವ ಹೋಯ್ತೋ ಅದೂ ಗೊತ್ತಿಲ್ಲ’ ಎಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಮಾರನೆಯ ಬೆಳಿಗ್ಗೆ ಬಸದಿಗೆ ಹೋದರು. ನಾನೂ ಹಿಂದೆಯೇ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆ. ಮುನಿಗಳಿಗೆ ಹಿಂದಿನ ದಿನ ಉಪವಾಸ, ಅಂದು ಪಾರಣೆ. ಅವರು ಒಂದು ಹೊತ್ತು, ಒಂದೇ ಸಲ ಉಣ್ಣುವವರು. ನೀರೂ ಆಗಲೇ. ಆಹಾರಕ್ಕೆ ಹೊರಡುವ ಮೊದಲು ನಮ್ಮವರು ಅವರ ಕಾಲ ಬಳಿ ಕೂತು ಎಲ್ಲ ಹೇಳಿದರು. ಕೊನೆಗೆ, ‘ತಮ್ಮ ಕೈಯಲ್ಲಿರೋ ಪಿಂಛಿಯೂ ಅದೇ ಗರಿಯ ಕಂತೆಯಿಂದ ಬಂದದ್ದು, ಸ್ವಾಮಿ. ಅದೇ ನೂಲು. ಅದೇ ಕೈ’ ಎಂದರು.

ಮುನಿಗಳು ಪಿಂಛಿಯನ್ನು ಮೆಲ್ಲಗೆ ನೆಲದ ಮೇಲೆ ಇಟ್ಟರು. ಅಷ್ಟೇ. ಪಿಂಛಿ ಇಲ್ಲದೆ ಅವರು ಆಹಾರಕ್ಕೆ ಹೊರಡುವ ಹಾಗಿಲ್ಲ. ಬೆಳಗೊಳಕ್ಕೆ ಗಾಡಿ ಹೋಗಿ ಬೇರೆ ಪಿಂಛಿ ತರುವಷ್ಟರಲ್ಲಿ ನಾಳೆಯಾಗುತ್ತದೆ. ಅಲ್ಲಿಯ ತನಕ ಒಂದು ತೊಟ್ಟು ನೀರಿಲ್ಲದೆ ಮೂರನೆಯ ದಿನ. ಊರಲ್ಲಿ ಪಿಂಛಿ ಕಟ್ಟಬಲ್ಲವರು ಒಬ್ಬರೇ.

‘ನನ್ನ ಕೈ ಆಗದು’ ಎಂದು ನಮ್ಮವರು ಎರಡೂ ಕೈಗಳನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡರು.

ಬಸದಿಯ ಯಜಮಾನಿಕೆ ಪದ್ಮರಾಜಯ್ಯನವರದು. ಅವರು ಎದ್ದು ನಿಂತು, ‘ಗಾಳ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ, ಶಾಂತಿರಾಜಯ್ಯ? ಎರಡು ವರ್ಷ ಕಣ್ಣೆದುರು ಇಟ್ಕೊಂಡು ಕಟ್ಟಿದ್ದೀಯ. ಗೊತ್ತಿದ್ದೂ ಕಟ್ಟಿ ಮುನಿಗಳ ಕೈಗೂ ಕೊಟ್ಯಲ್ಲ’ ಎಂದರು. ಒಬ್ಬರೂ ಅವರ ಮಾತು ತಡೆಯಲಿಲ್ಲ. ನಮ್ಮವರು ಗೊತ್ತಿರಲಿಲ್ಲ ಎಂದು ಎರಡನೆಯ ಸಲ ಹೇಳಲೂ ಇಲ್ಲ. ತಲೆ ಇನ್ನಷ್ಟು ಕೆಳಗೆ ಹೋಯಿತು.

ಹೆಂಗಸರ ಸಾಲು ಬಿಟ್ಟು ಮುಂದೆ ಬಂದೆ. ‘ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು’ ಎಂದೆ. ‘ಮೊದಲನೇ ದಿನವೇ ಗೊತ್ತಿತ್ತು. ನಾನು ಹೊಳೆ ದಂಡೆಯವಳು. ಬೈರಯ್ಯ ಬಂದು ಹೇಳಿದ್ದ, ಅವನ ಬಾಯಿ ಮುಚ್ಚಿಸಿದೋಳೂ ನಾನೇ. ಬೇಕಾದ್ರೆ ಅವನನ್ನ ಕರೆದು ಕೇಳಿ.’

ನಮ್ಮವರು ತಿರುಗಿ ನನ್ನನ್ನು ನೋಡಿದರು. ಆ ನೋಟ ಹೇಗಿತ್ತು ಅಂತ ನಾನು ಹೇಳಲಾರೆ.

ಮುನಿಗಳು, ‘ಕಟ್ಟಿದಾಂವಗ ಗೊತ್ತಿರಲಿಲ್ಲ. ನೋಡಿದಾಕಿಗೆ ಗೊತ್ತಿತ್ತು’ ಎಂದರು. ನಮ್ಮವರಿಗೆ, ‘ನಿನ್ನ ಕೈ ಹೊರಗ ತಗಿಯಪ್ಪಾ. ನೀನ ಕಟ್ಟು’ ಎಂದರು. ನನ್ನ ಕಡೆ ತಿರುಗಿ, ‘ಯಾಕ ಹೇಳಲಿಲ್ಲವ್ವಾ?’ ಎಂದು ಕೇಳಿದರು.

‘ಅವರು ಹಾಡ್ತಿದ್ರು, ಸ್ವಾಮಿ’ ಎಂದೆ.

ಮುನಿಗಳು ನಗಲಿಲ್ಲ, ಬೈಯಲಿಲ್ಲ. ನನಗೆ ಪ್ರಾಯಶ್ಚಿತ್ತ ಹೇಳಿದರು. ವಾರಕ್ಕೊಂದು ಉಪವಾಸ. ಕೆರೆಯಿಂದ ಆ ಹುಳ ಏಳುವ ಸಂಜೆಗಳಲ್ಲಿ ಮನೆಯಲ್ಲಿ ದೀಪ ಹಚ್ಚಬಾರದು. ಒಂದು ವರ್ಷ ಎಂದಿದ್ದರು. ನಾನು ಇವತ್ತಿಗೂ ಹಚ್ಚಿಲ್ಲ.

ಬೈರಯ್ಯ ಆ ವಾರವಷ್ಟೇ ತಂದಿದ್ದ ಹೊಸ ಗರಿಯ ಕಂತೆ ಬಾಳೆನಾರಿನ ಕಟ್ಟು ಬಿಚ್ಚದೆ ಹಾಗೇ ಇತ್ತು. ಅದು ಬಂತು. ಪದ್ಮರಾಜಯ್ಯನವರ ಮನೆಯಿಂದ ಹೊಸ ನೂಲು ಬಂತು. ಬಸದಿಯ ಅಂಗಳದಲ್ಲಿ ಚಾಪೆ ಹಾಸಿ ನಮ್ಮವರು ಕೂತರು. ಗರಿ ಜೋಡಿಸಿ, ದಾರದ ತುದಿ ಹಿಡಿದು ತಲೆ ಎತ್ತಿದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ.

ಅವರು ಎದ್ದು ಹೋಗಿ ಆ ತುದಿಯನ್ನು ಕಲ್ಲಿನ ಕಂಬಕ್ಕೆ ಕಟ್ಟಿ ಬಂದರು. ದಾರ ಸಡಿಲವಾದಾಗಲೆಲ್ಲ ತಾವೇ ಎದ್ದು ಹೋಗಿ ಬಿಗಿ ಮಾಡಿ ಬಂದರು. ನನ್ನ ಚಾಚಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಹೊತ್ತು ನೆತ್ತಿಗೆ ಬರುವ ಮೊದಲು ನೂರು ಗರಿಯ ಚಿಕ್ಕ ಪಿಂಛಿ ಸಿದ್ಧವಾಯಿತು. ಮುನಿಗಳು ಅದನ್ನು ಹಿಡಿದು ಎದ್ದರು. ಊರು ಉಸಿರು ಬಿಟ್ಟಿತು.

ಮನೆಯಲ್ಲಿ ಕಳಿಸಲು ಇಟ್ಟಿದ್ದ ಹುಳಗಳಿದ್ದವು. ಮೂರು ದಿನ ಕೂತು ಒಂದೊಂದನ್ನೇ ಬಿಚ್ಚಿದರು. ಗರಿಯನ್ನು ಬಸದಿಯ ಹಿಂದಿನ ಸಂಪಿಗೆ ಮರದ ಬುಡಕ್ಕೆ ಹಾಕಿದರು. ಕೊಕ್ಕೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡಿ, ಫೋಟೋದ ಜೊತೆ ಡಬ್ಬಿಯಲ್ಲಿಟ್ಟು ಪರಮಶಿವಯ್ಯನ ಕೈಗೆ ವಾಪಸು ಕೊಟ್ಟರು. ಪರಮಶಿವಯ್ಯ, ‘ತಪ್ಪಾಯ್ತು ಸ್ವಾಮಿ’ ಎಂದ. ‘ನನ್ನ ಕಣ್ಣು ಕುರುಡಾಗಿತ್ತು, ಹೋಗಿ ಬಾ’ ಎಂದು ಕಳಿಸಿದರು.

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಉಂಡರು, ಮಲಗಿದರು, ಜ್ವರ ಬಂದಾಗ ನನಗೆ ಕಷಾಯ ಮಾಡಿಕೊಟ್ಟರು. ಹಾಡಲಿಲ್ಲ. ಕೆರೆ ಏರಿಗೆ ಹೋಗಲಿಲ್ಲ. ಆ ಮುನಿಗಳ ಮಾತು ಹರಡಿ ಅಲ್ಲಿಂದ ಇಲ್ಲಿಂದ ಪಿಂಛಿಗೆ ಕೇಳಿಕೊಂಡು ಬರುವವರು ಹೆಚ್ಚಾದರು. ಪ್ರತಿ ಸಲವೂ ದಾರದ ತುದಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿದರು. ಕಂಬದಲ್ಲಿ ದಾರ ಉಜ್ಜಿ ಉಜ್ಜಿ ಗೀರು ಬಿತ್ತು. ದಿನಾ ಸಗಣಿ ಸಾರಿಸುವಾಗ ಆ ಗೀರು ಕಾಣುತ್ತಿತ್ತು. ನನ್ನ ಬಾಯಿ ಅಷ್ಟು ಜೋರು, ಆ ಒಂದು ವಿಷಯಕ್ಕೆ ಮಾತ್ರ ಏಳು ವರ್ಷ ನಾಲಗೆ ಏಳಲಿಲ್ಲ.

ನಲವತ್ತೊಂಬತ್ತರಲ್ಲಿ ಅವರ ಕಣ್ಣಿಗೆ ಪೊರೆ ಬಂದಿತ್ತು. ಕಾರ್ತಿಕದಲ್ಲಿ ಒಂದು ಪಿಂಛಿ ಕಟ್ಟಬೇಕಾಗಿತ್ತು. ಬೆಳಗಿನ ಬಿಸಿಲಿಗೆ ಬಾಗಿಲ ಬಳಿ ಕೂತು ಬೆರಳಿನಲ್ಲೇ ತಡವಿ ಗರಿ ಜೋಡಿಸಿಕೊಂಡರು. ದಾರ ಹಿಡಿದು ಕಂಬದ ಕಡೆ ಹೋಗಲು ಎದ್ದವರು ಹಾಗೇ ಸ್ವಲ್ಪ ಹೊತ್ತು ನಿಂತು, ಮತ್ತೆ ಕೂತರು. ನಾನು ರಾಗಿ ಕೇರುತ್ತಿದ್ದೆ. ಮೊರದ ಸದ್ದಿನ ಕಡೆಗೆ ದಾರದ ತುದಿ ಚಾಚಿದರು.

‘ಹಿಡ್ಕೊಳ್ಳೇ’ ಎಂದರು.

ಮೊರ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಹಿಡಿದೆ. ಅವರು ಒಂದು ಸುತ್ತು ಸುತ್ತಿ ನಿಲ್ಲಿಸಿದರು.

‘ದಾರ ಯಾಕೆ ನಡುಗ್ತದೆ?’

‘ವಯಸ್ಸಾಯ್ತಲ್ಲ ನನಗೂ’ ಎಂದೆ.

‘ಮತ್ತೆ ಮುಚ್ಚಿಡ್ತೀಯಲ್ಲ ನೀನು’ ಎಂದರು. ಕಣ್ಣು ಕಾಣದ ಆ ಮುಖದಲ್ಲಿ ನಗು ಇತ್ತು. ‘ಅಳೋದಾದ್ರೆ ಅಳು. ಬಿಗಿ ಮಾತ್ರ ಬಿಡ್ಬೇಡ.’

ಅದು ಅವರು ಕಟ್ಟಿದ ಕೊನೆಯ ಪಿಂಛಿ. ಕಟ್ಟಿ ಮುಗಿಯಲು ಮಧ್ಯಾಹ್ನವಾಯಿತು. ಅಲ್ಲಿಯ ತನಕ ನಾನು ದಾರ ಬಿಡಲಿಲ್ಲ.